ಏಳದ ದೋಸೆ

ನಮ್ಮೂರಿನಲ್ಲಿ ಕಾವಲಿಯ ಮೇಲೆ ದೋಸೆ ಇರುವಾಗ ಯಾರಾದರೂ ಸುಳ್ಳು ಹೇಳಿದರೆ ಆ ದೋಸೆ ಏಳುವುದಿಲ್ಲ. ಸಟ್ಟುಗ ತೂರಿಸಿದರೂ ಅಷ್ಟೇ, ಸುತ್ತ ಎಣ್ಣೆ ಬಿಟ್ಟರೂ ಅಷ್ಟೇ, ಹರಕೆ ಹೊತ್ತರೂ ಅಷ್ಟೇ. ಕೆರೆದು ತೆಗೆಯಬೇಕು. ನನ್ನ ಅಜ್ಜಿಯ ಕಾಲದಲ್ಲೂ ಏಳುತ್ತಿರಲಿಲ್ಲ, ನನ್ನ ಕಾಲದಲ್ಲೂ ಏಳುವುದಿಲ್ಲ. ಒಮ್ಮೆ ಮೇಲಿನ ಬೀದಿಯವರೊಬ್ಬರು ನಾನ್‌ಸ್ಟಿಕ್ ಕಾವಲಿ ತರಿಸಿ ಊರಿಗೆಲ್ಲ ತೋರಿಸಿಕೊಂಡು ಬಂದರು. ಮೊದಲನೆಯ ಭಾನುವಾರವೇ ಆ ಮನೆಯ ಯಜಮಾನರು ತಿಂಡಿಗೆ ಕೂತು, ನಿನ್ನೆ ಸಂಜೆಯೆಲ್ಲ ಲೈಬ್ರರಿಯಲ್ಲಿದ್ದೆ ಎಂದರು. ಕೆರೆದಾಗ ದೋಸೆಯ ಜೊತೆಗೆ ಕಾವಲಿಯ ಕರಿ ಲೇಪವೂ ಎದ್ದು ಬಂತು.

ಮನುಷ್ಯ ಎಂಥದಕ್ಕೂ ಒಗ್ಗಿಕೊಳ್ಳುತ್ತಾನೆ, ನಾವೂ ಒಗ್ಗಿಕೊಂಡಿದ್ದೇವೆ. ಸುಳ್ಳು ಹೇಳಲೇಬೇಕಾದ ದಿನ ಉಪ್ಪಿಟ್ಟು ಮಾಡುತ್ತೇವೆ. ಬೆಳಿಗ್ಗೆ ಯಾವುದಾದರೂ ಮನೆಯಿಂದ ರವೆ ಹುರಿಯುವ ವಾಸನೆ ಬಂತೆಂದರೆ ಅಲ್ಲಿ ಏನೋ ನಡೆದಿದೆ ಎಂದು ಬೀದಿಗೆಲ್ಲ ಗೊತ್ತಾಗುತ್ತದೆ. ಹೆಣ್ಣು ನೋಡಲು ಬಂದವರಿಗೆ ದೋಸೆಯನ್ನೇ ಹಾಕುವುದು ಪದ್ಧತಿ. ಗಂಡಿನ ಕಡೆಯವರು ‘ಹೊಟ್ಟೆ ತುಂಬಿದೆ, ಕಾಫಿ ಸಾಕು’ ಎಂದರೆ ಸಂಬಂಧ ಅಲ್ಲಿಗೇ ಮುಗಿಯಿತು. ಪುರಸಭೆಯ ಸಭೆಗಳಲ್ಲಿ ಮೊದಲಿನಿಂದಲೂ ಬನ್ನು. ಹೋಟೆಲಿನ ಒಲೆ ಗಿರಾಕಿಗಳು ಕೂರುವ ಜಾಗದಿಂದ ಇಪ್ಪತ್ತು ಮಾರು ದೂರದಲ್ಲಿದೆ, ಏಕೆಂದರೆ ಕಾವಲಿಗೆ ಕೇಳಿಸುವ ಸುಳ್ಳು ಮಾತ್ರ ಲೆಕ್ಕಕ್ಕೆ. ಸುಮ್ಮನಿದ್ದರೆ ಸುಳ್ಳಲ್ಲ, ಪ್ರಶ್ನೆ ಕೇಳಿದರೂ ಸುಳ್ಳಲ್ಲ. ಹಾಗಾಗಿ ದೋಸೆಯ ದಿನ ನಮ್ಮೂರಿನ ಅರ್ಧ ಮಾತು ಪ್ರಶ್ನೆಗಳಲ್ಲೇ ನಡೆಯುತ್ತದೆ. ‘ಸಕ್ಕರೆ ಯಾರು ಖಾಲಿ ಮಾಡಿದ್ದು’ ಎಂದು ಕೇಳಿದರೆ ‘ಇರುವೆ ಏನಾದ್ರೂ ಬಂದಿತ್ತಾ’ ಎಂಬ ಉತ್ತರ ಬರುತ್ತದೆ. ಇನ್ನೊಂದು ವಿಷಯ. ಕಾವಲಿಗೆ ನಾಳಿನದು ಗೊತ್ತಿಲ್ಲ, ಲೋಕದ ನಿಜವೂ ಗೊತ್ತಿಲ್ಲ. ಹೇಳುವವರು ನಂಬಿ ಹೇಳುತ್ತಿದ್ದಾರೋ ಇಲ್ಲವೋ, ಅಷ್ಟು ಮಾತ್ರ ಗೊತ್ತು. ಹಿಂದೆ ಇಲ್ಲೊಬ್ಬ ತಲೆಕೆಟ್ಟವನು ತಾನೇ ಮಹಾರಾಜ ಎಂದು ಮನೆಮನೆಯ ಅಡುಗೆಮನೆಗೆ ಬಂದು ಹೇಳುತ್ತಿದ್ದ. ಎಲ್ಲರ ಮನೆಯಲ್ಲೂ ದೋಸೆ ಹೂವಿನ ಹಾಗೆ ಎದ್ದಿತಂತೆ.

ಬೇರೆ ಊರುಗಳಲ್ಲಿ ಸಂಸಾರ ನಿಂತಿರುವುದೇ ‘ಚೆನ್ನಾಗಿದೆ’ ಎಂಬ ಒಂದು ಮಾತಿನ ಮೇಲೆ ಎಂದು ಕೇಳಿದ್ದೇನೆ. ನಮಗೆ ಆ ಭಾಗ್ಯವಿಲ್ಲ. ಮದುವೆಯಾಗಿ ಈ ಮನೆಗೆ ಬಂದ ಮೂರನೆಯ ದಿನ ನಾನು ಹಾಕಿದ ದೋಸೆ ತಿಂದು ನಮ್ಮ ಮನೆಯವರು, ‘ಉಪ್ಪು ಜಾಸ್ತಿ, ಹುಳಿ ಬಂದಿಲ್ಲ, ಆಕಾರ ಅಂತೂ ಇಲ್ಲ, ಆದ್ರೂ ಹಸಿವಿತ್ತು’ ಎಂದರು. ಕಾವಲಿಯ ಮೇಲಿದ್ದ ದೋಸೆ ಅಷ್ಟು ಚೆಂದವಾಗಿ ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಇಂಥ ಮಾತು ಕೇಳಿ ಕೇಳಿಯೇ ಇಲ್ಲಿನ ಹೆಂಗಸರು ಅಕ್ಕಿ ದೋಸೆಯಲ್ಲಿ ಎತ್ತಿದ ಕೈ ಆದದ್ದು. ಆ ದೋಸೆ ಬಿಟ್ಟು ಬೇರೆ ಹಿಟ್ಟು ರುಬ್ಬುವ ಧೈರ್ಯ ಮಾತ್ರ ಯಾರೂ ಮಾಡಿರಲಿಲ್ಲ. ನಾನು ಮಾಡಬೇಕಾಗಿ ಬಂತು. ಆ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಮ್ಮ ಮನೆಯವರ ಹೆಸರು ಭುಜಂಗಯ್ಯ. ಅಂತಪ್ಪನವರ ಬ್ಯಾಂಡ್‌ಸೆಟ್ಟಿನಲ್ಲಿ ಇಪ್ಪತ್ತೇಳು ವರ್ಷದಿಂದ ದೊಡ್ಡ ಡ್ರಮ್ಮು ಬಾರಿಸುವವರು. ಹೊಟ್ಟೆಯ ಮೇಲೆ ಕೂರುವ, ಎರಡೂ ಕಡೆ ಹೊಡೆಯುವ ಡ್ರಮ್ಮು ಅದು. ಎರಡು ವರ್ಷದ ಮಗುವಿನಷ್ಟು ಭಾರ. ಮದುವೆಯ ಮೆರವಣಿಗೆ ಪೋಸ್ಟಾಫೀಸಿನ ಮೂಲೆಯಿಂದ ಹೊರಟು, ದಿಬ್ಬ ಹತ್ತಿ, ಛತ್ರದ ಬಾಗಿಲಲ್ಲಿ ನಿಲ್ಲುತ್ತದೆ. ಅಷ್ಟೂ ದೂರ ಅದನ್ನು ಹೊತ್ತು, ಹೊಡೆದು, ಮೇಲಿಂದ ಮೀಸೆಯಲ್ಲಿ ನಗಲೂ ಬೇಕು. ಬ್ಯಾಂಡಿನ ಕೆಂಪು ಕೋಟು ಇವರಿಗೆಂದೇ ಹೊಲಿಸಿದ್ದು, ಬೇರೆ ಯಾರಿಗೂ ಹಿಡಿಸುವುದಿಲ್ಲ, ಅಷ್ಟು ಅಗಲ. ಊರಿನ ಮಕ್ಕಳು ಇವರನ್ನು ಹೆಸರಿನಿಂದ ಕರೆಯುವುದೇ ಇಲ್ಲ, ‘ಡಂ ಮಾಮ’ ಎನ್ನುತ್ತಾರೆ. ಆ ಡ್ರಮ್ಮು ಬಿಟ್ಟರೆ ಇವರಿಗೆ ಬೇರೆ ಚಟವೂ ಇಲ್ಲ, ಬೇರೆ ಹೆಮ್ಮೆಯೂ ಇಲ್ಲ. ಒಬ್ಬ ಹೆಂಡತಿ ಇದ್ದಾಳೆ, ಅದು ಹೆಮ್ಮೆಯ ಲೆಕ್ಕಕ್ಕೋ ಚಟದ ಲೆಕ್ಕಕ್ಕೋ ನಾನು ಕೇಳಿಲ್ಲ.

ಆ ವರ್ಷ ಮಳೆಗಾಲದಲ್ಲಿ ಇವರಿಗೆ ಟೈಫಾಯಿಡ್ ಬಂತು. ಇಪ್ಪತ್ತಾರು ದಿನ ಮಲಗಿದರು. ಎದ್ದಾಗ ಅರ್ಧ ಆಗಿದ್ದರು. ಬೆಲ್ಟಿಗೆ ನಾನು ಮೊಳೆಯಿಂದ ನಾಲ್ಕು ಹೊಸ ತೂತು ಹೊಡೆದೆ. ಡಾಕ್ಟರಮ್ಮ ತೋಳು ಹಿಡಿದು ನೋಡಿ, ‘ಮೈಯಲ್ಲಿದ್ದ ಮಾಂಸಖಂಡ ಎಲ್ಲಾ ಕರಗಿದೆ. ಪ್ರೋಟೀನ್ ಹೋಗಬೇಕು. ಮೊಟ್ಟೆ, ಕೋಳಿ, ಮೀನು ಕೊಡಿ’ ಎಂದರು. ಮುಂಚೆ ಕೋಳಿ ಎಂದರೆ ಪ್ರಾಣ ಬಿಡುತ್ತಿದ್ದ ಮನುಷ್ಯ, ಜ್ವರ ಬಿಟ್ಟ ಮೇಲೆ ಮೊಟ್ಟೆಯ ವಾಸನೆಗೇ ಮುಖ ತಿರುಗಿಸಿದರು. ಡಬ್ಬಿಯ ಪುಡಿ ತಂದು ಹಾಲಿಗೆ ಕಲಸಿ ಕೊಟ್ಟೆ. ಒಂದು ಗುಟುಕು ಇವರು ಕುಡಿದರು, ಉಳಿದದ್ದನ್ನು ಹದಿನೈದು ದಿನ ಹಿತ್ತಲಿನ ದಾಸವಾಳ ಕುಡಿಯಿತು. ಆ ವರ್ಷ ಅದು ಬಿಟ್ಟ ಹೂವು ನೋಡಿದವರೆಲ್ಲ ಏನು ಗೊಬ್ಬರ ಎಂದು ಕೇಳಿದರು. ಇವರ ಗಂಟಲಲ್ಲಿ ಇಳಿಯುತ್ತಿದ್ದದ್ದು ದೋಸೆ ಒಂದೇ. ‘ಹಾಗಾದ್ರೆ ದೋಸೆಯೊಳಗೇ ಸೇರಿಸಿ. ಅಕ್ಕಿ ಕಮ್ಮಿ ಮಾಡಿ, ಬೇಳೆ ಕಾಳು ಜಾಸ್ತಿ ಮಾಡಿ’ ಎಂದರು ಡಾಕ್ಟರಮ್ಮ.

ಅದೇ ವಾರ ಅಂತಪ್ಪನವರು ನೋಡಲು ಬಂದರು. ಕ್ಲಾರಿನೆಟ್ ಊದುವ ಮನುಷ್ಯ, ಮಾತು ಮೆತ್ತಗೆ. ಗೇಟಿನ ಹೊರಗೇ ನಿಂತು, ‘ಭುಜಂಗಣ್ಣ ಚೆನ್ನಾಗಿ ಕಾಣ್ತಾರೆ, ಮುಖದಲ್ಲಿ ಕಳೆ ಬಂದಿದೆ’ ಎಂದರು. ‘ಒಳಗೆ ಬನ್ನಿ, ಕಾವಲಿ ಇಟ್ಟಿದೀನಿ’ ಎಂದೆ. ‘ಇಲ್ಲಮ್ಮ, ಚಪ್ಪಲಿಗೆ ಕೆಸರಾಗಿದೆ’ ಎಂದರು. ಕೆಸರು ನನಗೇನೂ ಕಾಣಲಿಲ್ಲ. ಆದರೆ ಅವರೂ ದೊಡ್ಡ ಮನುಷ್ಯರೇ. ಎರಡು ನಿಮಿಷ ಅಲ್ಲೇ ನಿಂತವರು ಏನನ್ನೋ ಯೋಚಿಸಿ, ಚಪ್ಪಲಿ ಬಿಟ್ಟು ಅಡುಗೆಮನೆಯವರೆಗೂ ಬಂದು ಕೂತರು. ನಾನು ಒಂದು ದೋಸೆ ಹೊಯ್ದೆ.

‘ಭುಜಂಗಣ್ಣ, ದೀಪಾವಳಿ ಕಳೆದು ಎಂಟನೇ ದಿನಕ್ಕೆ ಮೊದಲನೇ ಮದುವೆ ಒಪ್ಕೊಂಡಿದೀನಿ’ ಎಂದರು. ‘ಅವತ್ತು ನೀವು ಪೋಸ್ಟಾಫೀಸಿಂದ ಛತ್ರದವರೆಗೂ ಹೊತ್ಕೊಂಡು ನಡೆದ್ರೆ ಡ್ರಮ್ಮು ನಿಮ್ಮದೇ. ಆಗ್ಲಿಲ್ಲ ಅಂದ್ರೆ ಪಕ್ಕದೂರಿನವನೊಬ್ಬನ ಹತ್ರ ಮಾತಾಡಿದೀನಿ. ಅವನಿಗೆ ಕೊಟ್ರೆ ಆಮೇಲೆ ವಾಪಸ್ ಕೇಳಕ್ಕಾಗಲ್ಲ. ನನಗೂ ಮನಸ್ಸಿಲ್ಲ, ಏನ್ಮಾಡ್ಲಿ.’ ಸಟ್ಟುಗ ಹಾಕಿದೆ. ದೋಸೆ ಸಲೀಸಾಗಿ ಎದ್ದಿತು. ಅದನ್ನು ಅಂತಪ್ಪನವರ ತಟ್ಟೆಗೇ ಹಾಕಿದೆ. ಇವರು ಗೋಡೆ ನೋಡುತ್ತ ಕೂತಿದ್ದರು. ಇವರಿಗೆ ಡ್ರಮ್ಮು ಹೋದರೆ ಉಳಿದದ್ದೂ ಉಳಿಯುವುದಿಲ್ಲ ಎಂದು ನನಗೆ ಆ ಹೊತ್ತಿಗೆ ಅನ್ನಿಸಿತು.

ಮಾರನೆಯ ದಿನದಿಂದ ನನ್ನ ಪ್ರಯೋಗ ಶುರುವಾಯಿತು. ಮೊದಲು ಅಕ್ಕಿ ಅರ್ಧ ಮಾಡಿ, ಹೆಸರುಕಾಳು ನೆನೆಸಿ ಶುಂಠಿ, ಹಸಿಮೆಣಸಿನಕಾಯಿ ಹಾಕಿ ರುಬ್ಬಿದೆ. ದೋಸೆ ಹಸಿರಾಗಿ ಬಂತು. ಇವರು ಒಂದು ತುತ್ತು ಬಾಯಿಗಿಟ್ಟು, ‘ಬಾವಿ ಕಟ್ಟೆ ಮೇಲಿನ ಪಾಚಿ ಕೆರ್ಕೊಂಡು ಬಂದ್ಯಾ’ ಎಂದರು. ಪ್ರಶ್ನೆಯಾದ್ದರಿಂದ ದೋಸೆಗೆ ಏನೂ ಆಗಲಿಲ್ಲ, ಆದದ್ದು ನನಗೆ. ಎರಡನೆಯ ಸಲ ಹುರಳಿ. ‘ಕುದುರೆ ತಿನ್ನೋದು ಇದು’ ಎಂದರು. ‘ಕುದುರೆಗೆ ಡ್ರಮ್ಮು ಹೊರೋ ಶಕ್ತಿ ಇದೆ’ ಎಂದೆ ನಾನು. ಎರಡೂ ನಿಜವೇ ಇರಬೇಕು, ದೋಸೆ ಎದ್ದಿತು. ಮೂರನೆಯದು ಸೋಯಾ. ಅದರ ವಾಸನೆಗೆ ಪಕ್ಕದ ಮನೆಯವರೇ ಕಿಟಕಿ ಮುಚ್ಚಿದರು. ನಾಲ್ಕನೆಯದು ಅಕ್ಕಿಹಿಟ್ಟಿಗೆ ಕಡಲೆಹಿಟ್ಟು, ಗಟ್ಟಿ ಮೊಸರು ಕಲಸಿದ್ದು. ಇವರು ತಿಂದು ಏನೂ ಹೇಳಲಿಲ್ಲ. ಏನಾದರೂ ಹೇಳಿ ಎಂದು ಒತ್ತಾಯಿಸಿದೆ. ‘ಬೇಡ ವನಜ, ಕಾವಲಿ ಮೇಲೆ ದೋಸೆ ಇದೆ’ ಎಂದರು. ಎಲ್ಲರ ಮನೆ ದೋಸೆಯೂ ತೂತು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ, ನಮ್ಮ ಮನೆಯಲ್ಲಿ ಕಾವಲಿಯೇ ತೂತಾಗುವ ಲಕ್ಷಣ ಕಾಣುತ್ತಿತ್ತು.

ಐದನೆಯ ಸಲ ಮನಸ್ಸು ಗಟ್ಟಿ ಮಾಡಿ ಅಕ್ಕಿಯನ್ನು ಪೂರ್ತಿ ಬಿಟ್ಟೆ. ಎರಡು ಪಾವು ಹೆಸರುಬೇಳೆ, ಒಂದು ಪಾವು ಕಡಲೆಬೇಳೆ, ಒಂದು ಪಾವು ಉದ್ದು, ಒಂದು ಹಿಡಿ ಕಡಲೆಕಾಯಿ ಬೀಜ, ಒಂದಿಷ್ಟು ಮೆಂತ್ಯ. ರುಬ್ಬಿ, ರಾತ್ರಿಯಿಡೀ ಹುಳಿ ಬರಿಸಿ, ಬೆಳಿಗ್ಗೆ ಈರುಳ್ಳಿ, ಕರಿಬೇವು ಹೆಚ್ಚಿ ಹಾಕಿದೆ. ಮೊದಲನೆಯದು, ಎರಡನೆಯದು ಹೊಂಬಣ್ಣಕ್ಕೆ ಎದ್ದವು. ಇವರು ಎರಡನ್ನೂ ಚಟ್ನಿಯ ಜೊತೆಗೆ ಮುಗಿಸಿ, ಬೆರಳು ನೆಕ್ಕಿ, ‘ಚೆನ್ನಾಗಿದೆ ಕಣೇ’ ಎಂದರು. ಜ್ವರ ಬಂದ ಮೇಲೆ ಮೊದಲ ಸಲ ಆ ಮಾತು. ನಾನು ಹಿಗ್ಗಿ ಮೂರನೆಯದಕ್ಕೆ ಸಟ್ಟುಗ ಹಾಕಿದೆ. ಅದು ಏಳಲಿಲ್ಲ.

‘ಚೆನ್ನಾಗಿಲ್ಲ ಅಂತ ಹೇಳಿ, ನನಗೇನೂ ಬೇಜಾರಿಲ್ಲ’ ಎಂದೆ. ಬೇಜಾರಿತ್ತು, ಆದರೆ ದೋಸೆ ಹೇಗೂ ಕೆಟ್ಟಿತ್ತು. ‘ನಿಜವಾಗ್ಲೂ ಚೆನ್ನಾಗಿದೆ’ ಎಂದರು ಇವರು. ನಾಲ್ಕನೆಯದೂ ಹಿಡಿಯಿತು. ‘ನನ್ನ ಮೇಲೆ ಕನಿಕರ ಬೇಡ, ರೀ’ ಎಂದು ನಾನು ಕೆರೆದ ಚೂರುಗಳನ್ನು ತಟ್ಟೆಗೆ ಸುರಿದೆ. ಇವರು ಆ ಚೂರುಗಳನ್ನೂ ತಿಂದರು. ಮಾರನೆಯ ದಿನವೂ ಹಾಗೆಯೇ, ಅದರ ಮಾರನೆಯ ದಿನವೂ ಹಾಗೆಯೇ. ಎರಡು ಏಳುತ್ತವೆ, ಮೂರನೆಯದು ಹಿಡಿಯುತ್ತದೆ. ಎರಡು ದೋಸೆಯವರೆಗೆ ಇವರದು ಹಸಿವು, ಮೂರನೆಯದರಿಂದ ಮರ್ಯಾದೆ ಎಂದು ನಾನು ತೀರ್ಮಾನಿಸಿದೆ. ಮೂವತ್ತು ವರ್ಷ ಉಪ್ಪು ಜಾಸ್ತಿಯಾದರೆ ಜಾಸ್ತಿ ಎಂದ ಮನುಷ್ಯ ಈಗ ಸುಳ್ಳು ಹೇಳುತ್ತಾರೆಂದರೆ, ಕಾಯಿಲೆ ಮೈಗಲ್ಲ, ಇನ್ನೂ ಒಳಗೆ ಹೋಗಿದೆ ಎಂದು ಸಂಕಟವಾಯಿತು. ಇವರಿಗೂ ನನ್ನ ಮೇಲೆ ಸಿಟ್ಟು. ನಿಜ ಹೇಳಿ ಕಳ್ಳನಾದೆ ಎಂದು ಗೊಣಗುತ್ತಿದ್ದರು.

ಮರ್ಯಾದೆಯೋ ಮತ್ತೊಂದೋ, ಬೇಳೆ ಹೊಟ್ಟೆಗೆ ಹೋಗುತ್ತಿತ್ತು. ಮೂರು ವಾರದಲ್ಲಿ ಬೆಲ್ಟು ಎರಡು ತೂತು ಹಿಂದಕ್ಕೆ ಬಂತು. ಇವರು ಹತ್ತು ಕಿಲೋ ಅಕ್ಕಿಯ ಚೀಲವನ್ನು ಹೊಟ್ಟೆಗೆ ಕಟ್ಟಿಕೊಂಡು ಹಿತ್ತಲಿನಲ್ಲಿ ಸುತ್ತು ಹಾಕತೊಡಗಿದರು. ದೋಸೆಗೆ ಬೇಡವಾದ ಅಕ್ಕಿಗೆ ಹಾಗೊಂದು ಕೆಲಸ ಸಿಕ್ಕಿತು. ಮೊದಲ ದಿನ ಮೂರು ಸುತ್ತು, ವಾರದ ಕೊನೆಗೆ ಎಂಟು. ಒಂದು ಬೆಳಿಗ್ಗೆ ಹನ್ನೊಂದನೆಯ ಸುತ್ತಿನಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ಎದ್ದು ಬಂದು, ಚೀಲ ಬಿಚ್ಚಿಟ್ಟು, ತಿಂಡಿಗೆ ಕೂತರು. ಬೆವರು ಇಳಿಯುತ್ತಿತ್ತು. ನಾನು ಮೂರನೆಯ ದೋಸೆ ಹೊಯ್ದಿದ್ದೆ.

‘ವನಜ, ನಾನು ಹೊರ್ತೀನಾ?’ ಎಂದು ಕೇಳಿದರು. ನನ್ನ ಕಡೆ ನೋಡಲಿಲ್ಲ, ಕಾವಲಿಯ ಕಡೆ ನೋಡುತ್ತ ಕೇಳಿದರು. ‘ಹೊರ್ತೀರಿ’ ಎಂದೆ. ನಂಬಿಯೇ ಹೇಳಿದೆ ಎಂದುಕೊಂಡಿದ್ದೆ. ಸಟ್ಟುಗ ತೂರಿಸಿದೆ. ಅಂಚು ಹರಿಯಿತು, ನಡುವಿನ ಭಾಗ ಕಾವಲಿಯನ್ನು ಕಚ್ಚಿಕೊಂಡು ಕೂತಿತು. ಇಬ್ಬರೂ ಅದನ್ನೇ ನೋಡಿದೆವು. ಇವರು ಎದ್ದು ಕೈ ತೊಳೆದುಕೊಂಡು ಹೊರಗೆ ಹೋದರು.

ಸಂಜೆ ಅಂತಪ್ಪನವರಿಗೆ ಹೇಳಿಕಳಿಸಿದರಂತೆ, ಪಕ್ಕದೂರಿನವನನ್ನೇ ಕರೆಸಿಕೊಳ್ಳಿ ಎಂದು. ಅಕ್ಕಿ ಚೀಲ ಮತ್ತೆ ಅಕ್ಕಿ ಚೀಲವಾಗಿ ಮೂಲೆ ಸೇರಿತು. ಮಾರನೆಯ ಬೆಳಿಗ್ಗೆ, ‘ಇವತ್ತು ಉಪ್ಪಿಟ್ಟು ಮಾಡು’ ಎಂದರು. ನಮ್ಮೂರಿನಲ್ಲಿ ಗಂಡಸು ತಾನಾಗಿ ಬಾಯಿಬಿಟ್ಟು ಉಪ್ಪಿಟ್ಟು ಕೇಳಿದನೆಂದರೆ ಅವನಿಗೆ ಇನ್ನು ಯಾವ ನಿಜವೂ ಬೇಡ ಎಂದೇ ಅರ್ಥ. ರವೆ ಹುರಿಯುತ್ತ ನಾನು ಅತ್ತೆ. ಈ ಮನುಷ್ಯನ ಮೇಲೆ ನನಗೆ ನಂಬಿಕೆಯಿಲ್ಲವೆಂದು ಒಂದು ಕಬ್ಬಿಣದ ತುಂಡು ನನಗೇ ಹೇಳಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಆರು ದಿನ ಉಪ್ಪಿಟ್ಟು ತಿಂದೆವು. ಆರೂ ದಿನ ‘ಹೇಗಿದ್ದೀರಿ’ ಎಂದರೆ ‘ಆರಾಮಾಗಿದೀನಿ’ ಎಂದರು.

ಏಳನೆಯ ದಿನ ಪಕ್ಕದ ಮನೆಯ ಸೊಸೆ ತನುಜಾ ಮೊಸರಿನ ಹೆಪ್ಪಿಗೆ ಬಂದಳು. ಹೊರಗಿನ ಹುಡುಗಿ, ಮದುವೆಯಾಗಿ ಬಂದು ಐದು ತಿಂಗಳಾಗಿತ್ತು. ಇವರು ಮನೆಯಲ್ಲಿರಲಿಲ್ಲ. ಫ್ರಿಜ್ಜಿನಲ್ಲಿ ಉಳಿದಿದ್ದ ಹಿಟ್ಟು ಹಾಳಾಗುತ್ತದೆಂದು ನಾನು ನನಗೆ ದೋಸೆ ಹಾಕಿಕೊಳ್ಳುತ್ತಿದ್ದೆ, ಎರಡು ಎದ್ದಿದ್ದವು. ಹೆಪ್ಪು ತಂದು ಕೊಡುವಷ್ಟರಲ್ಲಿ ಮೂರನೆಯದು ಹಿಡಿದಿತ್ತು. ಅವಳು ಬೆರಳಲ್ಲಿ ಹಿಟ್ಟು ಮುಟ್ಟಿ ನೋಡಿ, ‘ಆಂಟಿ, ಇದರಲ್ಲಿ ಅಕ್ಕೀನೇ ಇಲ್ವಲ್ಲ. ಮೊದಲೆರಡಕ್ಕೆ ಕಾವಲಿಯ ಹಳೇ ಎಣ್ಣೆ ಸಾಕು, ಆಮೇಲೆ ಬರೀ ಬೇಳೆ ಹಿಟ್ಟು ಹಿಡಿಯತ್ತೆ’ ಎಂದಳು.

‘ನೀನು ಏನಾದ್ರೂ ಸುಳ್ಳು ಹೇಳಿದ್ಯಾ?’ ಎಂದೆ. ಅವಳು ನಕ್ಕಳು. ‘ಹೆಪ್ಪು ಕೊಡಿ ಅಂದೆ, ಅಷ್ಟೇ. ಯಾರೂ ಏನೂ ಹೇಳ್ದೇ ಇದ್ರೂ ಹಿಡಿಯತ್ತೆ ಆಂಟಿ. ನಮ್ಮ ಕಡೆ ಕಾವಲಿ ಕಾಯ್ದೇ ಇದ್ರೂ ಹಿಡಿಯತ್ತೆ, ಜಾಸ್ತಿ ಕಾದ್ರೂ ಹಿಡಿಯತ್ತೆ, ಹಿಂದಿನ ದಿನ ಚಪಾತಿ ಮಾಡಿದ್ರೂ ಹಿಡಿಯತ್ತೆ.’ ನನಗೆ ಆ ಊರಿನವರ ಮೇಲೆ ಅಯ್ಯೋ ಅನ್ನಿಸಿತು. ಇಷ್ಟೆಲ್ಲ ಕಾರಣಕ್ಕೆ ಹಿಡಿಯುವುದಾದರೆ ಯಾರು ಸುಳ್ಳು ಹೇಳಿದರೆಂದು ಅವರು ತಿಳಿಯುವುದಾದರೂ ಹೇಗೆ. ಅವಳು ಹೋದಳು. ಆದರೆ ಆ ಮಾತು ಹೋಗಲಿಲ್ಲ.

ಬಾಗಿಲು ಹಾಕಿದೆ. ರೇಡಿಯೊ ಆರಿಸಿದೆ. ತುಟಿ ಬಿಗಿಹಿಡಿದು, ಮನಸ್ಸಿನಲ್ಲೂ ಏನೂ ಮಾತಾಡಿಕೊಳ್ಳದೆ, ಒಂದು ದೋಸೆ ಹೊಯ್ದೆ. ಹಿಡಿಯಿತು. ಕೆರೆದು ಇನ್ನೊಂದು ಹೊಯ್ದೆ. ಹಿಡಿಯಿತು. ಮೂರನೆಯದೂ ಹಿಡಿಯಿತು. ಮನೆಯಲ್ಲಿ ಒಂದು ಮಾತಿಲ್ಲ, ಸುಳ್ಳು ಎಲ್ಲಿಂದ ಬರಬೇಕು. ನಾನು ಅಡುಗೆಮನೆಯ ನೆಲದ ಮೇಲೆ ಕೂತು ಒಬ್ಬಳೇ ನಕ್ಕೆ, ಆಮೇಲೆ ಅತ್ತೆ. ಕಾವಲಿ ನನ್ನ ಬಗ್ಗೆ ಏನೂ ಹೇಳಿರಲಿಲ್ಲ. ಇವರ ಬಗ್ಗೆಯೂ ಹೇಳಿರಲಿಲ್ಲ. ಬೇಳೆ ಹೆಚ್ಚಾಗಿತ್ತು, ಅಷ್ಟೇ. ಹಿಡಿದ ದೋಸೆ ನೋಡಿ ಖುಷಿಪಟ್ಟ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಊರಿಗೆ ಊರೇ ತಲೆತಲಾಂತರದಿಂದ ಒಂದೇ ಹಿಟ್ಟು ರುಬ್ಬಿಕೊಂಡು ಬಂದರೆ ಹೀಗಾಗದೆ ಇನ್ನೇನು.

ತನುಜಾಳನ್ನು ಮತ್ತೆ ಕರೆದೆ. ಅವಳು ಅರ್ಧ ಪಾವು ಅಕ್ಕಿ, ಒಂದು ಹಿಡಿ ಅವಲಕ್ಕಿ ನೆನೆಸಿ ರುಬ್ಬಿ ಸೇರಿಸಲು ಹೇಳಿದಳು. ಹಿಟ್ಟು ಸ್ವಲ್ಪ ತೆಳ್ಳಗಿರಬೇಕು, ಪ್ರತಿ ದೋಸೆಗೂ ಮುಂಚೆ ಎಣ್ಣೆ ಅದ್ದಿದ ಅರ್ಧ ಈರುಳ್ಳಿಯಿಂದ ಕಾವಲಿ ಉಜ್ಜಬೇಕು, ನೀರು ಚಿಮುಕಿಸಬೇಕು, ಉರಿ ಸಣ್ಣದಿರಬೇಕು, ಅಂಚು ತಾನಾಗಿ ಬಿಡುವವರೆಗೆ ಸಟ್ಟುಗ ಮುಟ್ಟಬಾರದು. ಹಾಗೆ ಮಾಡಿದೆ. ಎದ್ದಿತು. ಇನ್ನೊಂದು ಹೊಯ್ದು, ನನ್ನ ವಯಸ್ಸು ಐವತ್ತಮೂರು ಎಂದು ಜೋರಾಗಿ ಹೇಳಿದೆ. ಎದ್ದಿತು. ಮತ್ತೊಂದು ಹೊಯ್ದು, ನಲವತ್ತೆಂಟು ಎಂದು ಹೇಳಿದೆ. ಹಿಡಿಯಿತು. ಅಂದರೆ ಈಗ ಹಿಟ್ಟು ಸರಿಯಾಗಿತ್ತು.

ಇವರು ಮನೆಗೆ ಬಂದ ಮೇಲೆ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ, ‘ಅಂದ್ರೆ ನಾನು ಚೆನ್ನಾಗಿದೆ ಅಂದಿದ್ದು ನಿಜ ಅಂತಾಯ್ತು’ ಎಂದರು. ‘ಆಯ್ತು’ ಎಂದೆ. ‘ಇಷ್ಟು ದಿನ ನನ್ನ ಸುಳ್ಳುಗಾರನ ಹಾಗೆ ನೋಡಿದ್ಯಲ್ಲ.’ ‘ತಪ್ಪಾಯ್ತು.’ ‘ಇನ್ನೊಂದ್ಸಲ ಹೇಳು.’ ಇನ್ನೊಂದು ಸಲ ಹೇಳಿದೆ. ಮೂರನೆಯ ಸಲ ಹೇಳಿಸಬೇಕೆಂದಿದ್ದರು, ನಾನು ಸಟ್ಟುಗ ಕೈಗೆ ತೆಗೆದುಕೊಂಡದ್ದು ನೋಡಿ ಬಿಟ್ಟರು. ಆ ಸಂಜೆಯೇ ಅಂತಪ್ಪನವರ ಮನೆಗೆ ಹೋಗಿ, ಕೊಟ್ಟ ಮಾತು ವಾಪಸ್ ತಗೊಂಡು ಬಂದರು. ಅಂತಪ್ಪನವರು ಪಕ್ಕದೂರಿನವನಿಗೆ ಇನ್ನೂ ಹೇಳಿರಲಿಲ್ಲವಂತೆ. ಮದುವೆಗೆ ನಾಲ್ಕು ದಿನ ಇತ್ತು. ಅಕ್ಕಿ ಚೀಲ ಮತ್ತೆ ಹೊಟ್ಟೆಗೇರಿತು. ಆದರೆ ಬಿಟ್ಟ ಒಂದು ವಾರ ಬಿಟ್ಟದ್ದೇ. ಹದಿಮೂರನೆಯ ಸುತ್ತು ಇವರಿಂದ ಒಂದು ದಿನವೂ ಆಗಲಿಲ್ಲ, ಮತ್ತು ಛತ್ರದ ದಿಬ್ಬ ಇಪ್ಪತ್ತು ಸುತ್ತಿಗೆ ಸಮ ಎಂದು ಇಬ್ಬರಿಗೂ ಗೊತ್ತಿತ್ತು.

ಮದುವೆಯ ಬೆಳಿಗ್ಗೆ ಇವರು ಕೆಂಪು ಕೋಟು ಹಾಕಿಕೊಂಡು ಅಡುಗೆಮನೆಗೆ ಬಂದರು. ಬೆನ್ನಿನ ಕಡೆ ಸಡಿಲವಾಗಿದ್ದನ್ನು ನಾನು ಮೂರು ಪಿನ್ನು ಹಾಕಿ ಹಿಡಿಸಿದೆ. ಮೂರು ದೋಸೆ ತಿಂದರು. ನಾಲ್ಕನೆಯದು ಕಾವಲಿಯ ಮೇಲಿತ್ತು.

‘ಹಿಟ್ಟು ಸರಿ ಇದೆಯಾ?’ ಎಂದು ಕೇಳಿದರು.

‘ಇದೆ.’

‘ಕಾವಲಿ?’

‘ಅದೂ ಸರಿ ಇದೆ.’

‘ಹಾಗಾದ್ರೆ ಈಗ ಹೇಳು. ನಾನು ಹೊರ್ತೀನಾ?’

ಈಗ ತಪ್ಪನ್ನು ಬೇಳೆಯ ಮೇಲೆ ಹಾಕುವಂತಿರಲಿಲ್ಲ. ಹೊರ್ತೀರಿ ಎಂದು ದೋಸೆ ಹಿಡಿದರೆ ಮುಗಿಯಿತು. ಇಲ್ಲ ಎಂದು ಅದು ಎದ್ದರೂ ಮುಗಿಯಿತು. ಅತ್ತ ದರಿ, ಇತ್ತ ಪುಲಿ ಎಂಬಂತೆ ಸಟ್ಟುಗ ಹಿಡಿದು ನಿಂತೆ. ಹೊರುತ್ತೀರಾ ಎಂದು ಅವರನ್ನೇ ತಿರುಗಿ ಕೇಳೋಣವೆಂದುಕೊಂಡೆ, ದೋಸೆ ಹೊತ್ತಿನ ನಮ್ಮೂರಿನ ಜಾಣತನ ಅದು. ಆದರೆ ಆ ಮುಖ ನೋಡಿಕೊಂಡು ಅದನ್ನು ಮಾಡಲು ಮನಸ್ಸಾಗಲಿಲ್ಲ. ಕಾವಲಿಯಿಂದ ಸಣ್ಣಗೆ ಚುಯ್ ಎಂಬ ಸದ್ದು ಬರುತ್ತಿತ್ತು.

ಇವರು ನನ್ನನ್ನು ನೋಡಿದರು. ಆಮೇಲೆ ಕೈ ಚಾಚಿ ಗ್ಯಾಸ್ ಆರಿಸಿದರು. ಮಸಿಬಟ್ಟೆಯಲ್ಲಿ ಕಾವಲಿಯನ್ನು ಹಿಡಿದೆತ್ತಿ, ಬೆಂದೂ ಬೇಯದ ದೋಸೆಯ ಸಮೇತ ಹಿತ್ತಲಿಗೆ ಒಯ್ದು, ಒಗೆಯುವ ಕಲ್ಲಿನ ಆಚೆ ಇಟ್ಟರು. ಒಳಗೆ ಬಂದು ಬಾಗಿಲು ಹಾಕಿ ಚಿಲಕ ಸಿಕ್ಕಿಸಿದರು. ‘ಈಗ ಹೇಳು’ ಎಂದರು.

‘ಹೊರ್ತೀರಿ’ ಎಂದೆ.

‘ಸರಿ ಹಾಗಾದ್ರೆ’ ಎಂದು ಹೊರಟರು.

ನಾನು ದಿಬ್ಬದ ಬುಡದಲ್ಲಿ, ಹೊಲಿಗೆ ಅಂಗಡಿಯ ಜಗಲಿಯ ಮೇಲೆ ಹೋಗಿ ನಿಂತೆ. ಮೆರವಣಿಗೆ ಬಂತು. ಮುಂದೆ ಅಂತಪ್ಪನವರ ಕ್ಲಾರಿನೆಟ್, ಹಿಂದೆ ಇವರ ಹೊಟ್ಟೆಯ ಮೇಲೆ ಡ್ರಮ್ಮು. ಸಪಾಟು ರಸ್ತೆಯಲ್ಲಿ ಮೀಸೆಯಲ್ಲಿ ನಗುವಿತ್ತು. ನಾನೂ ಜಗಲಿ ಇಳಿದು ಪಕ್ಕದಲ್ಲೇ ದಿಬ್ಬ ಹತ್ತಿದೆ. ದಿಬ್ಬದ ಕಾಲುಭಾಗಕ್ಕೆ ನಗು ಹೋಯಿತು. ಅರ್ಧಕ್ಕೆ ಬಂದಾಗ ಡಂ ಎಂಬುದಕ್ಕೂ ಇನ್ನೊಂದು ಡಂಗೂ ನಡುವೆ ಒಬ್ಬರು ಒಂದು ಲೋಟ ನೀರು ಕುಡಿದು ಮುಗಿಸಬಹುದಿತ್ತು. ಅಂತಪ್ಪನವರು ಒಮ್ಮೆ ಹಿಂದೆ ತಿರುಗಿ ನೋಡಿ, ಊದುತ್ತಿದ್ದ ಕುಣಿತದ ಹಾಡನ್ನು ಜೋಗುಳದ ಹಾಗೆ ಎಳೆದರು. ಬ್ಯಾಂಡು ನಿಧಾನವಾಯಿತು, ಮದುಮಗನ ಕಾರು ನಿಧಾನವಾಯಿತು, ಕುಣಿಯುತ್ತಿದ್ದ ನೆಂಟರು ಒಂದು ಕಾಲೆತ್ತಿಕೊಂಡು ಮುಂದಿನ ಏಟಿಗೆ ಕಾದರು. ಛತ್ರದ ಬಾಗಿಲಲ್ಲಿ ಪುರೋಹಿತರು ಗಡಿಯಾರ ನೋಡುತ್ತ ಕೈ ಬೀಸುತ್ತಿದ್ದರು. ಮುಹೂರ್ತಕ್ಕೆ ನಾಲ್ಕು ನಿಮಿಷ ಉಳಿದಿರುವಾಗ ಇವರು ಕೊನೆಯ ಡಂ ಹೊಡೆದು, ಛತ್ರದ ಕಂಬಕ್ಕೆ ಒರಗಿದರು. ಡ್ರಮ್ಮು ನೆಲ ಮುಟ್ಟಿರಲಿಲ್ಲ. ನಾನು ಯಾರದೋ ಮದುವೆಯಲ್ಲಿ ಸ್ವಂತ ಮಗಳ ಮದುವೆಯೇನೋ ಎಂಬಂತೆ ಅತ್ತೆ.

ಮದುವೆಯ ಊಟ ಬಿಟ್ಟು ಮಧ್ಯಾಹ್ನ ಮನೆಗೆ ಬಂದರು. ಕೋಟು ಬಿಚ್ಚಿದರು. ಹೆಗಲ ಮೇಲೆ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಹಿತ್ತಲಿನಿಂದ ಕಾವಲಿ ತಂದು ತೊಳೆದು, ಈರುಳ್ಳಿ ಉಜ್ಜಿ, ದೋಸೆ ಹೊಯ್ದೆ. ಇವರು ಮಣೆಯ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

‘ಬೆಳಿಗ್ಗೆ ನೀನು ಹೇಳಿದೆಯಲ್ಲ, ಆಗ ನಿನಗೆ ನಂಬಿಕೆ ಇತ್ತಾ?’ ಎಂದು ಕೇಳಿದರು.

ಕಾವಲಿಯ ಮೇಲೆ ದೋಸೆ ಇತ್ತು. ‘ಇರ್ಲಿಲ್ಲ’ ಎಂದೆ.

‘ನನಗೂ ಇರ್ಲಿಲ್ಲ’ ಎಂದರು ಇವರು. ‘ಅದಕ್ಕೇ ಅಲ್ವಾ ಕಾವಲಿ ಹೊರಗಿಟ್ಟು ಬಂದಿದ್ದು. ನನಗೆ ಆಗ ಬೇಕಾಗಿದ್ದು ನಿಜ ಅಲ್ಲ ಕಣೇ, ನೀನು ಹಾಗೆ ಹೇಳೋದು.’

ದೋಸೆ ಸುತ್ತಲೂ ಅಂಚು ಬಿಟ್ಟುಕೊಂಡು ಎದ್ದಿತ್ತು, ಸಟ್ಟುಗ ಸುಮ್ಮನೆ ಕೆಳಗೆ ಹಿಡಿದರೆ ಸಾಕಾಗಿತ್ತು. ಅದನ್ನು ಇವರ ತಟ್ಟೆಗೆ ಹಾಕಿ, ಇನ್ನೊಂದು ಹೊಯ್ದೆ.